ಆರು

ಭವಾನಿ ಪೇಟೆಯ ಗಲ್ಲಿಯಲ್ಲಿ ಸೋಪಾನ ಘುಲೆ
ನನ್ನ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ
ಹಿಂದಿನ ಗಾಲಿ ಬಿಚ್ಚಿದ.
ಫ್ರೀವೀಲಿನ ಹಲ್ಲುಸಂದಿಗೆ ದಬ್ಬಳ ಹಾಕಿ ಕೆದಕಿದ.
"ಕಾಕೂ, ಎಲ್ಲಿಯ ಮಣ್ಣು ಇದು? ನಮ್ಮದಲ್ಲ."

ನಮ್ಮದಲ್ಲ.
ನಮ್ಮದು ಕಪ್ಪು, ಒಣಗಿದರೆ ಬಿರಿಯುತ್ತದೆ.
ಇದು ಬೆಲ್ಲದ ಮಡ್ಡಿಯ ಬಣ್ಣದ್ದು,
ಚೀನಾದ ಗದ್ದೆಬದುಗಳಲ್ಲಿ ಹತ್ತೊಂಬತ್ತು ದಿನ
ನನ್ನ ಬೆನ್ನು ಬಿಡದೆ ಬಂದದ್ದು.
ವಿಮಾನ ನಿಲ್ದಾಣದ ಕಾಗದದಲ್ಲಿ ಕೇಳಿದ್ದರು:
ಮಣ್ಣು ತಂದಿದ್ದೀರಾ?
ಇಲ್ಲ ಎಂಬಲ್ಲಿ ಗೀಟು ಹಾಕಿದ್ದೆ.
ಸುಳ್ಳು ಹೇಳಬೇಕೆಂದಲ್ಲ. ಗೊತ್ತಿರಲಿಲ್ಲ.

ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನ ಕುರ್ಚಿ.
ಹಲೋ ಸೊಲ್ಲಾಪುರ, ಮಾತಾಡಿ. ಹಲೋ ಮಿರಜ್, ಲೈನಿನಲ್ಲಿರಿ.
ಯಾರದೋ ಊರನ್ನು ಯಾರದೋ ಕಿವಿಗೆ ಸಿಕ್ಕಿಸುತ್ತ
ನಾನು ಕೂತಲ್ಲೇ ಕೂತಿದ್ದೆ.
ನಿವೃತ್ತಿಯ ದುಡ್ಡಲ್ಲಿ ಬಳೆ ಮಾಡಿಸು ಎಂದಳು ನಾದಿನಿ.
ಸೈಕಲ್ಲು ಕೊಂಡೆ, ಒಂದು ಬೆನ್ನುಚೀಲ.
"ಒಬ್ಬಳೇ?" ಎಂದರು ವಾಡೆಯವರು.
ಒಬ್ಬಳೇ ಎಂಬುದಕ್ಕೆ ಮರಾಠಿಯಲ್ಲೂ ಹುಬ್ಬು ಅಷ್ಟೇ ಮೇಲೇರುತ್ತದೆ.

ಅಲ್ಲಿ ಗುಡ್ಡಗಳು
ಬಟ್ಟಲಲ್ಲಿ ಅದುಮಿದ ಅನ್ನವನ್ನು ಬೋರಲು ಹಾಕಿದ ಹಾಗೆ
ಪಂಕ್ತಿಯೂ ಇಲ್ಲದೆ, ಬಡಿಸಿದವರೂ ಕಾಣದೆ.
ಮಾತಿಗೆ ಜನವಿಲ್ಲ. ನಾಲಿಗೆ ತುಕ್ಕು ಹಿಡಿದೀತೆಂದು
ಕಾಲುವೆಯ ಏರಿಯ ಮೇಲೆ ಪೆಡಲು ತುಳಿಯುತ್ತ ಮಗ್ಗಿ ಒದರಿದೆ:
ಹದಿಮೂರೊಂದಲೆ ಹದಿಮೂರು,
ಹದಿಮೂರೆರಡಲೆ ಇಪ್ಪತ್ತಾರು.
ಕೆಸರಿನಿಂದ ಎಮ್ಮೆಯೊಂದು ಕತ್ತೆತ್ತಿ ನೋಡಿ
ಮೂವತ್ತೊಂಬತ್ತಕ್ಕೆ ಮತ್ತೆ ಮುಳುಗಿತು.
ಪುಣೆಯಲ್ಲಿ ನನ್ನ ಜಗಳ, ಚೌಕಾಶಿ, ಕನಸು ಕೂಡ
ಮರಾಠಿಗೆ ಹೋಗಿ ಎಷ್ಟೋ ಕಾಲವಾಯಿತು.
ಎಣಿಕೆ ಮಾತ್ರ ಕದಲಿಲ್ಲ.

ಹನ್ನೊಂದನೆಯ ದಿನ ಟ್ಯೂಬು ಸತ್ತಿತು.
ಹೆಸರು ಓದಲಾಗದ ಊರು, ಚಕ್ಕೋತದ ರಾಶಿ,
ರಾಶಿಯ ಹಿಂದಿನಿಂದ ಒಬ್ಬ ಹೆಂಗಸು
ನನ್ನದೇ ವಯಸ್ಸು, ತೋಳಿಗೆ ಹೂವಿನ ಬಟ್ಟೆಯ ಗವಸು,
ಎದ್ದು ಬಂದು ಏನೂ ಕೇಳದೆ ಗಾಲಿ ಬಿಚ್ಚಿದಳು.
ತಳದಲ್ಲಿ ಕೆಂಪು ಮೀನು ಬರೆದ ಬೋಗುಣಿ.
ನೀರಿನಲ್ಲಿ ಟ್ಯೂಬು ಅದ್ದಿದಳು,
ಮೀನಿನ ಬಾಯಿಂದಲೇ ಗುಳ್ಳೆ ಎದ್ದಿತು.

ಎಷ್ಟು? ಪರ್ಸು ತೋರಿಸಿದೆ.
ಹೆಬ್ಬೆರಳು ಕಿರುಬೆರಳು ಚಾಚಿ, ಉಳಿದದ್ದು ಮಡಿಸಿ
ನನ್ನ ಮುಖದ ಮುಂದೆ ಆಡಿಸಿದಳು.
ಮನೆಗೆ ಫೋನು ಮಾಡು ಅನ್ನುತ್ತಿದ್ದಾಳೆ, ಪಾಪ!
ನಾನೂ ಕೈಯನ್ನು ಹಾಗೇ ಮಾಡಿ ಕಿವಿಗಿಟ್ಟು
ಮೂವತ್ತೊಂದು ವರ್ಷದ ಹಳೆಯ ದನಿಯಲ್ಲಿ
"ಹಲೋ, ಪುಣೆ" ಎಂದೆ.

ಅವಳು ನೋಡಿದಳು.
ಆಮೇಲೆ ನೆಲದ ಮೇಲೆ ಒಂದೊಂದೇ ಚಕ್ಕೋತ ಇಟ್ಟಳು.
ಆರು ಇಟ್ಟು ನಿಲ್ಲಿಸಿದಳು. ಮತ್ತೆ ಅದೇ ಬೆರಳು.
ಅಯ್ಯೋ, ಆರು! ಅವರ ಕೈಯಲ್ಲಿ ಆರು ಎಂದರೆ ಹಾಗೆ.
ನಕ್ಕು ನಕ್ಕು ಗವಸಿನಿಂದ ಕಣ್ಣೊರೆಸಿಕೊಂಡು
ತನ್ನ ಆರನ್ನು ತಾನೂ ಕಿವಿಗಿಟ್ಟುಕೊಂಡಳು,
ತುಂಬ ಹೊತ್ತು ಏನೋ ಹೇಳಿದಳು.
ನಾನು ಲೈನು ಕಡಿಯಲಿಲ್ಲ.

"ಈ ತೇಪೆ ಯಾರು ಹಾಕಿದ್ದು?" ಸೋಪಾನ ಉಗುರಿನಿಂದ ಕೆರೆದು ನೋಡಿದ.
"ಗಟ್ಟಿ ಕೈ. ಇದನ್ನು ಮುಟ್ಟಲ್ಲ."
ಅದರಿಂದ ಎರಡು ಬೆರಳು ಆಚೆ ಹೊಸ ತೂತು,
ನಮ್ಮೂರ ಮೊಳೆಯದು.
ಸೊಲ್ಯೂಷನ್ ಸವರಿ ಊದಿದ. ಆರಬೇಕು.
ಆರು ಎಂದರೆ ಎಣಿಕೆ. ಆರು ಎಂದರೆ ಒಣಗುವುದೂ ಹೌದು,
ಬಿಸಿ ಚಹಾ ತಣ್ಣಗಾಗುವುದೂ ಹೌದು.
ಇದನ್ನು ಅವನಿಗೆ ಮರಾಠಿಯಲ್ಲಿ ಹೇಳಲು ಬರುವುದಿಲ್ಲ,
ಅವಳಿಗೆ ಯಾವುದರಲ್ಲೂ.

ಬಟ್ಟಲಿನ ತಳದಲ್ಲಿ, ಸೀಮೆಎಣ್ಣೆಯಡಿ, ಆ ಮಣ್ಣು
ಒಂದು ಚಮಚೆಯಷ್ಟು.
ಬೇಕು ಎನ್ನಲೋ ಬೇಡವೋ ಎನ್ನುವಷ್ಟರಲ್ಲಿ
ಗಟಾರಕ್ಕೆ ಸುರಿದ.
ಮಳೆ ಬಂದರೆ ಮುಠಾ ನದಿಗೆ ಮುಟ್ಟೀತು.

ಎಷ್ಟಾಯಿತಪ್ಪ? ಬೆರಳು ಎತ್ತುತ್ತಾನೇನೋ ಎಂದು
ಕೈಯನ್ನೇ ನೋಡಿದೆ.
"ಎಂಬತ್ತು" ಎಂದ, ಬಾಯಲ್ಲೇ.
"ಕೂತಿರಿ ಕಾಕೂ. ಇನ್ನೂ ಆರಿಲ್ಲ."